ವುಲ್ಫೋಕ್ ಆಯ್ತು, ಈಗ ಫ್ಲಾಯ್ಡ್: ಮಿಶಿಗನ್ ಡಿಫೆನ್ಸ್‌ನಲ್ಲಿ ಇನ್ನು ಉಳಿದಿರೋದು ಯಾರು?

ಆರ್ಬರ್ ಮೈಸೂರಿಗ
3 ನವೆಂಬರ್ 2010, ಬುಧವಾರ

ಸುದ್ದಿ ನೋಡಿದ್ರಾ? ನಮ್ಮ ಮಿಶಿಗನ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದ ಕಾರ್ನರ್ (ಚೆಂಡು ಹಿಡಿಯೋಕೆ ಓಡುವ ಎದುರಾಳಿ ರಿಸೀವರ್‌ನ ಬೆನ್ನು ಹತ್ತುವವನು) ಜೆ.ಟಿ. ಫ್ಲಾಯ್ಡ್‌ಗೂ ಪೆಟ್ಟಾಯ್ತು. ಪ್ರಾಕ್ಟೀಸ್‌ನಲ್ಲಿ ಆ್ಯಂಕಲ್, ಅಂದ್ರೆ ಪಾದದ ಕೀಲು, ಹೋಯ್ತಂತೆ. ಈ ಸೀಸನ್ ಇನ್ನು ಅವನಿಗಿಲ್ಲ. ಶನಿವಾರ ಇಲಿನಾಯ್ ತಂಡ ನಮ್ಮೂರು ಆ್ಯನ್ ಆರ್ಬರ್‌ಗೆ ಬರುತ್ತಿದೆ.

ಆಗಸ್ಟ್‌ನಲ್ಲಿ ಟ್ರಾಯ್ ವುಲ್ಫೋಕ್‌ಗೂ ಹೀಗೇ ಆಗಿತ್ತು. ಅದೂ ಪ್ರಾಕ್ಟೀಸ್‌ನಲ್ಲೇ, ಅದೂ ಆ್ಯಂಕಲ್. ಇನ್ನೂ ಒಂದು ಆಟವೂ ಶುರುವಾಗಿರಲಿಲ್ಲ. ಡೊನೊವನ್ ವಾರೆನ್ ಒಂದು ವರ್ಷ ಬಾಕಿ ಇರುವಾಗಲೇ ವೃತ್ತಿಪರರ ಲೀಗ್ ಎನ್‌ಎಫ್‌ಎಲ್ ಕಡೆಗೆ ಹೊರಟುಹೋಗಿದ್ದ. ಇಬ್ಬರು ಗಟ್ಟಿ ಕಾರ್ನರ್‌ಗಳು ಇರಬೇಕಾದ ಜಾಗದಲ್ಲಿ ಇಬ್ಬರೂ ಇಲ್ಲ. ಫ್ಲಾಯ್ಡ್ ಎಂಟು ಆಟ ಹೇಗೋ ನಿಭಾಯಿಸಿದ. ಈಗ ಅವನೂ ಹೊರಗೆ.

ಉಳಿದವರನ್ನು ಎಣಿಸೋಣ. ಜೇಮ್ಸ್ ರಾಜರ್ಸ್ ಕೊನೆಯ ವರ್ಷದವನು, ನಡುವೆ ರಿಸೀವರ್ ಆಗಿಯೂ ಆಡಿ ವಾಪಸ್ ಬಂದವನು. ಅವನನ್ನು ಬಿಟ್ಟರೆ ಕೋರ್ಟ್ನಿ ಏವರಿ, ಟೆರೆನ್ಸ್ ಟಾಲ್ಬಟ್, ಕಲನ್ ಕ್ರಿಶ್ಚಿಯನ್. ಮೂವರೂ ಮೊದಲ ವರ್ಷದವರು. ಜೂನ್‌ವರೆಗೆ ಹೈಸ್ಕೂಲಿನಲ್ಲಿದ್ದ ಹುಡುಗರು. ಎಲ್ಲರ ಹಿಂದೆ ಕಾಯುವ ಸೇಫ್ಟಿ ಜಾಗದಲ್ಲಿ ರೇ ವಿನೊಪಾಲ್, ಅವನೂ ಮೊದಲ ವರ್ಷ. ಡಿಫೆನ್ಸ್‌ನ ಮುಂದಿನ ಸಾಲಿನಲ್ಲಿ ಮೈಕ್ ಮಾರ್ಟಿನ್ ಮಿಶಿಗನ್ ಸ್ಟೇಟ್ ಆಟದಿಂದ ಕಾಲು ಎಳೆಯುತ್ತಲೇ ಇದ್ದಾನೆ.

5-0 ಇದ್ದೆವು. ಈಗ 5-3, ಐದು ಗೆಲುವು, ಮೂರು ಸೋಲು. ಮಿಶಿಗನ್ ಸ್ಟೇಟ್ 34, ಅಯೋವಾ 38, ಪೆನ್ ಸ್ಟೇಟ್ 41 ಪಾಯಿಂಟ್ ಹೊಡೆದು ಹೋದವು. ಪ್ರತಿ ಆಟದಲ್ಲೂ ಹಿಂದಿನ ಆಟಕ್ಕಿಂತ ಜಾಸ್ತಿ.

ಒಂದು ಮಾತು ಹೇಳಬೇಕು, ಅದಕ್ಕೇ ಈ ಚರ್ಚೆ ಶುರು ಮಾಡಿದ್ದು. ಕಳೆದ ಶನಿವಾರ ಸ್ನೇಹಿತರೊಬ್ಬರ ಮನೆಯಲ್ಲಿ ಪೆನ್ ಸ್ಟೇಟ್ ಆಟ ನೋಡುತ್ತಿದ್ದೆವು. ನಮ್ಮ ಕಾರ್ನರ್ ಹುಡುಗನೊಬ್ಬ ಜಾರಿಬಿದ್ದ. ಪಕ್ಕದಲ್ಲಿದ್ದವರು ಕೆಟ್ಟದಾಗಿ ಬೈದರು. ಆ ಹುಡುಗನಿಗೆ ಹದಿನೆಂಟು ವರ್ಷ. ನಾನು ಇಲ್ಲಿ ಪಾಠ ಮಾಡುವ ಲ್ಯಾಬ್‌ನಲ್ಲಿ ಅದೇ ವಯಸ್ಸಿನವರು ಇಪ್ಪತ್ತು ಜನ ಇದ್ದಾರೆ. ಬೀಕರ್ ಕೈಜಾರಿ ಒಡೆದರೆ ಅವರ ಮುಖ ಹೇಗಾಗುತ್ತೆ ಅಂತ ನನಗೆ ಗೊತ್ತು. ಕೋಚ್ ಬಗ್ಗೆ, ಯೋಜನೆ ಬಗ್ಗೆ ಎಷ್ಟು ಬೇಕಾದ್ರೂ ಮಾತಾಡಿ. ಹುಡುಗರನ್ನು ಬೈಯೋದು ಬೇಡ.

ಮಂಡ್ಯ ಕಬಡ್ಡಿ
3 ನವೆಂಬರ್ 2010

ಮೈಸೂರಿಗರೇ, ಸರಿಯಾಗಿ ಹೇಳಿದ್ರಿ. ನಾನು ಅಮೆರಿಕನ್ ಫುಟ್‌ಬಾಲ್ ಅರ್ಥ ಮಾಡಿಕೊಂಡಿದ್ದೇ ಕಬಡ್ಡಿಯಿಂದ. ನಮ್ಮಲ್ಲೂ ಕಾರ್ನರ್ ಅಂತಾರೆ, ಕವರ್ ಅಂತಾರೆ. ಹೆಸರು ಒಂದೇ ಆಗಿರೋದು ಆಕಸ್ಮಿಕ ಇರಬಹುದು, ಸಂಕಟ ಮಾತ್ರ ಒಂದೇ.

ಊರಲ್ಲಿ ನಮ್ಮ ತಂಡದ ಎಡ ಕಾರ್ನರ್ ಒಬ್ಬ ಇದ್ದ. ರೈಡರ್ ಕಾಲು ಚಾಚಿದ ಕೂಡಲೇ ಆ್ಯಂಕಲ್ ಹಿಡೀತಿದ್ದ. ಹಿಡಿದರೆ ಬಿಡುತ್ತಿರಲಿಲ್ಲ. ಒಂದು ಸಲ ಹಬ್ಬದ ಪಂದ್ಯದಲ್ಲಿ ಅವನ ಭುಜ ಜಾರಿತು. ಅವನ ಜಾಗಕ್ಕೆ ಹೈಸ್ಕೂಲು ಹುಡುಗನನ್ನು ನಿಲ್ಲಿಸಿದೆವು. ಎದುರಾಳಿ ರೈಡರ್‌ಗೆ ಒಂದೇ ನಿಮಿಷ ಸಾಕಾಯ್ತು. ಬಂದವನೆಲ್ಲ ಆ ಮೂಲೆಗೇ ಬರುತ್ತಿದ್ದ. ಆ ಹುಡುಗ ಹಿಡಿಯೋಕೆ ಹೋದರೆ ಔಟ್, ಹೋಗದಿದ್ದರೆ ಬೋನಸ್. ಅವನಿಗೆ ಸಹಾಯ ಮಾಡೋಕೆ ಕವರ್‌ನಲ್ಲಿದ್ದ ನಾನು ಆ ಕಡೆ ಸರಿದೆ. ಆಮೇಲೆ ನನ್ನ ಕಡೆಯೂ ಖಾಲಿ.

ಇಲ್ಲೂ ಆಗ್ತಿರೋದು ಅದೇ. ಕಾರ್ನರ್ ಗಟ್ಟಿ ಇಲ್ಲ ಅಂತ ಸೇಫ್ಟಿ ಅವನ ಬೆನ್ನಿಗೆ ಹೋಗ್ತಾನೆ. ಸೇಫ್ಟಿ ಹಿಂದೆ ಹೋದ ಮೇಲೆ ಓಟ ತಡೆಯೋಕೆ ಮುಂದೆ ಒಬ್ಬ ಕಡಿಮೆ. ಮಾರ್ಟಿನ್ ಸರಿ ಇದ್ದಿದ್ದರೆ ಇಬ್ಬರ ಕೆಲಸ ಒಬ್ಬನೇ ಮಾಡ್ತಿದ್ದ. ಅವನಿಗೂ ಕಾಲು ನೋವು. ಒಂದು ಕಡೆ ತೇಪೆ ಹಾಕಿದರೆ ಇನ್ನೊಂದು ಕಡೆ ಹರಿಯುತ್ತೆ.

ಧಾರವಾಡ ಫೇಡೆ
3 ನವೆಂಬರ್ 2010

ಎಲ್ಲಾ ಖರೆ. ಹುಡುಗರನ್ನ ಬೈಬಾರದು, ಒಪ್ಪಿದೆ. ಆದರೆ ಎಲ್ಲಾದಕ್ಕೂ ಗಾಯ ಅಂತ ಹೇಳಿ ಮುಚ್ಚಿಹಾಕಬೇಡ್ರಿ.

ಫ್ಲಾಯ್ಡ್ ಮೈದಾನದಾಗ ಇದ್ದಾಗಲೇ ಮ್ಯಾಸಚೂಸೆಟ್ಸ್ ನಮ್ಮ ಮೇಲೆ 37 ಹೊಡೆದಿದೆ. ಅದು ನಮ್ಮ ಮಟ್ಟದ ತಂಡವೇ ಅಲ್ಲ, ಕೆಳಗಿನ ವಿಭಾಗದ್ದು. ಇಂಡಿಯಾನಾದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವವನು) ಬೆನ್ ಚಾಪೆಲ್ ಒಂದೇ ಆಟದಲ್ಲಿ 480 ಯಾರ್ಡ್ ಎಸೆದ. ಆಗಲೂ ಫ್ಲಾಯ್ಡ್ ಇದ್ದ, ಮಾರ್ಟಿನ್ ಗಟ್ಟಿ ಇದ್ದ. ಅವೆರಡೂ ಆಟ ನಾವು ಗೆದ್ದದ್ದು ನಮ್ಮ ಕ್ವಾರ್ಟರ್‌ಬ್ಯಾಕ್ ಡೆನಾರ್ಡ್ ರಾಬಿನ್ಸನ್ ಓಡಿದ್ದಕ್ಕೆ. ಕಳೆದ ಶನಿವಾರ ಪೆನ್ ಸ್ಟೇಟ್‌ನ ಮ್ಯಾಟ್ ಮೆಗ್ಲಾಯ್ನ್ ಸ್ಕಾಲರ್‌ಶಿಪ್ ಇಲ್ಲದೆ ತಂಡಕ್ಕೆ ಬಂದ ಹುಡುಗ, ಅವನ ಮೊದಲ ಸ್ಟಾರ್ಟ್. ಅವನೂ ಗೆದ್ದು ಹೋದ.

ನನ್ನ ಸಿಟ್ಟು ಮೇಲಿನವರ ಮೇಲೆ. ನಮ್ಮ ಡಿಫೆನ್ಸ್ ಕೋಚ್ ಗ್ರೆಗ್ ರಾಬಿನ್ಸನ್ ಜೀವನವಿಡೀ ಮುಂದೆ ನಾಲ್ವರನ್ನ ನಿಲ್ಲಿಸಿ ಆಡಿಸಿದವರು. ಇಲ್ಲಿ ಅವರ ಕೈಗೆ ಕೊಟ್ಟಿದ್ದು 3-3-5, ಅಂದ್ರ ಮುಂದೆ ಮೂವರೇ. ನಮ್ಮ ಮುಖ್ಯ ಕೋಚ್ ರಿಚ್ ರಾಡ್ರಿಗಸ್ ವೆಸ್ಟ್ ವರ್ಜೀನಿಯಾದಾಗ ನಂಬಿದ್ದ ಪದ್ಧತಿ ಅದು. ಅಡುಗೆಯವರಿಗೆ ಅವರಿಗೆ ಗೊತ್ತಿರೋ ಅಡುಗೆ ಮಾಡಾಕ ಬಿಡಬೇಕಲ್ಲ? ಹೇಳ್ರಿ.

ಆರ್ಬರ್ ಮೈಸೂರಿಗ
3 ನವೆಂಬರ್ 2010

ಫೇಡೆಯವರೇ, ನಿಮ್ಮ ಲೆಕ್ಕ ತಪ್ಪಿಲ್ಲ. ಮ್ಯಾಸಚೂಸೆಟ್ಸ್ ಆಟಕ್ಕೆ ನಾನು ಸ್ಟೇಡಿಯಮ್‌ನಲ್ಲೇ ಇದ್ದೆ. ಕೊನೆಯ ಕ್ವಾರ್ಟರ್‌ನಲ್ಲಿ ವಿದ್ಯಾರ್ಥಿಗಳ ಕಡೆ ಯಾರೂ ಮಾತಾಡುತ್ತಿರಲಿಲ್ಲ. ಗಾಯವೇ ಪೂರ್ತಿ ಕಾರಣ ಅಂತ ನಾನೂ ಹೇಳಲ್ಲ. ಆದರೆ ಕೆಟ್ಟು ನಿಂತ ಗಾಡಿಯ ಚಕ್ರವೂ ಕಳಚಿದರೆ ಚಕ್ರದ ಬಗ್ಗೆಯೂ ಯೋಚನೆ ಆಗುತ್ತೆ, ಅಲ್ವಾ? ಶನಿವಾರಕ್ಕೆ ಇನ್ನು ಮೂರೇ ದಿನ.

ಉಡುಪಿ ಫಿಸಿಯೋ
3 ನವೆಂಬರ್ 2010, ರಾತ್ರಿ

ನಾನು ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ ಫಿಸಿಯೋಥೆರಪಿಸ್ಟ್. ಆ ಹುಡುಗರ ಎಕ್ಸ್‌ರೇ ನಾನು ನೋಡಿಲ್ಲ, ಹಾಗಾಗಿ ಅವರ ಬಗ್ಗೆ ಏನೂ ಹೇಳಲಾರೆ. ಆದರೆ ಇಂಥ ಆ್ಯಂಕಲ್ ಅಂದ್ರೆ ಏನು ಅಂತ ಹೇಳಬಲ್ಲೆ. "ಎರಡು ವಾರದಲ್ಲಿ ಬರ್ತಾನೆ ಬಿಡಿ" ಅಂತ ಬೇರೆ ಕಡೆ ಯಾರೋ ಬರೆದಿದ್ದು ನೋಡಿ ಬೇಜಾರಾಯ್ತು.

ಉಳುಕು ಬೇರೆ, ಕೀಲು ತಪ್ಪೋದು ಬೇರೆ. ಆ್ಯಂಕಲ್ ಕೀಲು ಸುಮ್ನೆ ತಪ್ಪಲ್ಲ. ಎರಡೂ ಪಕ್ಕ ಮೂಳೆಯ ಗೋಡೆ ಇದೆ, ಸುತ್ತ ಗಟ್ಟಿ ಲಿಗಮೆಂಟ್ ಇದೆ. ಅದು ತಪ್ಪಿದೆ ಅಂದ್ರೆ ಸಾಮಾನ್ಯವಾಗಿ ಲಿಗಮೆಂಟ್ ಹರಿದಿರುತ್ತೆ, ಎಷ್ಟೋ ಸಲ ಪಕ್ಕದ ಮೂಳೆಯೂ ಮುರಿದಿರುತ್ತೆ. ಪ್ಲೇಟು, ಸ್ಕ್ರೂ ಹಾಕಬೇಕಾಗಬಹುದು. ಮೂಳೆ ಕೂಡೋಕೆ ಆರರಿಂದ ಎಂಟು ವಾರ. ಆದರೆ ಮೂಳೆ ಕೂಡಿದ ದಿನವೇ ಓಡೋಕಾಗಲ್ಲ. ಅಷ್ಟರಲ್ಲಿ ಮೀನಖಂಡ ಸೊರಗಿ ಅರ್ಧ ಆಗಿರುತ್ತೆ.

ಕಾರ್ನರ್‌ಗೆ ಈ ಕೀಲೇ ಅನ್ನ. ಅವನು ಹಿಂದಕ್ಕೆ ಓಡುತ್ತಾ ಎದುರಾಳಿಯನ್ನು ನೋಡ್ತಾ ಇರ್ತಾನೆ. ರಿಸೀವರ್ ತಿರುಗಿದ ಕೂಡಲೇ ಇವನು ಒಂದು ಕಾಲು ಊರಿ, ಇಡೀ ಭಾರ ಅದರ ಮೇಲೆ ಹಾಕಿ, ಬೇರೆ ದಿಕ್ಕಿಗೆ ಹಾರಬೇಕು. ಆ ಕಾಲು ಒಂದು ಕ್ಷಣ ಅನುಮಾನ ಪಟ್ಟರೂ ರಿಸೀವರ್ ಎರಡು ಗಜ ಮುಂದೆ ಹೋಗಿರ್ತಾನೆ. ಕಾಲಿಗಿಂತ ಮನಸ್ಸಿಗೆ ಜಾಸ್ತಿ ದಿನ ಬೇಕು.

ನಾನು ಎಲ್ಲರಿಗೂ ಮೊದಲು ಕೊಡೋದು ಒಂದೇ ಪರೀಕ್ಷೆ. ಬರಿಗಾಲಲ್ಲಿ ಒಂಟಿ ಕಾಲ ಮೇಲೆ ನಿಲ್ಲಿ. ಗೋಡೆಗೆ ಬೆರಳ ತುದಿ ಮಾತ್ರ ತಾಗಿಸಿ. ಹಿಮ್ಮಡಿ ಎತ್ತಿ, ಇಳಿಸಿ. ಸರಿ ಇರುವ ಕಾಲಲ್ಲಿ ಎಷ್ಟು ಸಲ ಆಗುತ್ತೋ ಪೆಟ್ಟಾದ ಕಾಲಲ್ಲೂ ಅಷ್ಟೇ ಸಲ ಆಗೋವರೆಗೂ ಓಟದ ಮಾತೇ ಇಲ್ಲ.

ಕ್ಯಾಂಟನ್ ಅಮ್ಮ
4 ನವೆಂಬರ್ 2010, ಗುರುವಾರ

ಫಿಸಿಯೋ ಅವರೇ, ನಿಮ್ಮ ಬರಹ ಓದಿ ಕಣ್ಣಲ್ಲಿ ನೀರು ಬಂತು. ನಾನು ಇಲ್ಲಿ ಬರೆಯೋದು ಇದೇ ಮೊದಲು.

ನನ್ನ ಮಗ ಹನ್ನೊಂದನೇ ತರಗತಿ. ಸ್ಕೂಲ್ ತಂಡದಲ್ಲಿ ಕಾರ್ನರ್. ಸೆಪ್ಟೆಂಬರ್ ಕೊನೆಯ ಶುಕ್ರವಾರ ಅವನ ಬಲಗಾಲಿನ ಆ್ಯಂಕಲ್ ಮುರಿಯಿತು. ನಾನು ಬೇಲಿಯ ಹತ್ತಿರವೇ ನಿಂತಿದ್ದೆ, ಕೈಯಲ್ಲಿ ಫ್ಲಾಸ್ಕ್ ಇತ್ತು. ಇಬ್ಬರು ಒಟ್ಟಿಗೆ ಬಿದ್ದರು, ಒಬ್ಬ ಎದ್ದ. ಎರಡೂ ತಂಡದ ಹುಡುಗರು ಒಂದು ಮೊಣಕಾಲೂರಿ ಕೂತರು. ಇಲ್ಲಿ ಹಾಗೇ ಪದ್ಧತಿ ಅಂತ ನನಗೆ ಗೊತ್ತು. ಆದರೆ ಅವರು ಕೂತಿದ್ದು ನನ್ನ ಮಗನಿಗಾಗಿ ಅಂತ ತಲೆಗೆ ಹೋಗೋಕೆ ಸ್ವಲ್ಪ ಹೊತ್ತು ಬೇಕಾಯ್ತು. ಅಷ್ಟು ಗಲಾಟೆ ಮಾಡುತ್ತಿದ್ದ ಬ್ಯಾಂಡ್ ನಿಂತುಹೋಯ್ತು. ಅವನ ಶೂ ಲೇಸ್ ಬಿಚ್ಚೋದು ನನಗೆ ಕಾಣುತ್ತಿತ್ತು. ಅವನು ಕಿರುಚಲಿಲ್ಲ. ಹುಲ್ಲನ್ನು ಕಿತ್ತು ಕಿತ್ತು ಹಾಕುತ್ತಿದ್ದ.

ಅವನ ಜಾಗಕ್ಕೆ ಬಂದಿದ್ದು ಒಂಬತ್ತನೇ ತರಗತಿಯ ಹುಡುಗ. ಮುಂದಿನ ಎಸೆತವೇ ಆ ಕಡೆ. ಟಚ್‌ಡೌನ್. ನನ್ನ ಹಿಂದೆ ಯಾರೋ ಒಬ್ಬ ತಂದೆ "ಅವನನ್ನು ತೆಗೀರಿ" ಅಂತ ಕೂಗಿದರು. ಯಾರನ್ನು ಹಾಕ್ತಾರೆ ತೆಗೆದು? ಇನ್ನು ಯಾರಿದ್ರು?

ಮಗನ ಕಾಲಿಗೆ ಆಸ್ಪತ್ರೆಯವರು ಹಾಕಿದ್ದ ಬೂಟನ್ನು ಈಗ ತೆಗೆದಿದ್ದಾರೆ. ಊರಿಂದ ಅತ್ತೆ ಬಂದಿದ್ದಾರೆ, ದಿನಾ ಹರಳೆಣ್ಣೆ ಬಿಸಿ ಮಾಡಿ ಇಡ್ತಾರೆ. ಅವನು ಅಜ್ಜಿಗೆ ಬೇಜಾರಾಗಬಾರದು ಅಂತ ಸುಮ್ಮನೆ ಕಾಲು ಚಾಚುತ್ತಾನೆ. ನಿನ್ನೆ ಫ್ಲಾಯ್ಡ್ ಸುದ್ದಿ ಕೇಳಿ ಊಟ ಬಿಟ್ಟು ಎದ್ದು ಹೋದ. ಫಿಸಿಯೋ ಅವರೇ, ಆ ಹಿಮ್ಮಡಿ ಪರೀಕ್ಷೆಯನ್ನು ಅವನಿಗೆ ಓದಿ ಹೇಳಿದೆ. ಸರಿಯಾದ ಕಾಲಲ್ಲಿ 31 ಸಲ ಆಯ್ತು. ಪೆಟ್ಟಾದ ಕಾಲಲ್ಲಿ ಒಂದೂ ಆಗಲಿಲ್ಲ.

ಉಡುಪಿ ಫಿಸಿಯೋ
4 ನವೆಂಬರ್ 2010

ಅಮ್ಮಾ, ಈಗ ಒಂದೂ ಆಗದಿರೋದು ಸಹಜ. ಹೆದರಬೇಡಿ. ಅವನ ಡಾಕ್ಟರ್ ಅನುಮತಿ ಕೊಡೋವರೆಗೂ ಒಂಟಿ ಕಾಲಲ್ಲಿ ಬೇಡ, ಎರಡೂ ಕಾಲಲ್ಲಿ ಎತ್ತಲಿ. ಹರಳೆಣ್ಣೆಯಿಂದ ತೊಂದರೆ ಇಲ್ಲ. ಅಜ್ಜಿ ಜೋರಾಗಿ ತಿಕ್ಕದಿದ್ದರೆ ಆಯ್ತು. 31 ಅಂತ ಎಲ್ಲಾದರೂ ಬರೆದಿಡಿ.

ಹಳೇ ನೀಲಿ
4 ನವೆಂಬರ್ 2010

ತಮ್ಮಂದಿರೇ, ತಂಗಿಯರೇ, ನಾನು ಈ ಊರಿಗೆ ಓದೋಕೆ ಬಂದಿದ್ದು 1978ರಲ್ಲಿ. ಟ್ರಾಯ್ ವುಲ್ಫೋಕ್‌ನ ಅಪ್ಪ ಬುಚ್ ವುಲ್ಫೋಕ್ ಇದೇ ಮಿಶಿಗನ್ ತಂಡದಲ್ಲಿ ಚೆಂಡು ಹಿಡಿದು ಓಡಿದವನು. ಸೀಸನ್ ಮುಗಿದ ಮೇಲೆ ಒಳ್ಳೆಯ ತಂಡಗಳಿಗೆ ಸಿಗುವ ಬೌಲ್ ಆಟಗಳಲ್ಲಿ ಒಂದಾದ ರೋಸ್ ಬೌಲ್, 1981ರಲ್ಲಿ ವಾಷಿಂಗ್ಟನ್ ವಿರುದ್ಧ 23-6 ಗೆಲುವು. ಬೋ ಶೆಂಬೆಕ್ಲರ್ ಕೋಚ್ ಆಗಿ ಗೆದ್ದ ಮೊದಲ ರೋಸ್ ಬೌಲ್ ಅದು, ಪಂದ್ಯದ ಶ್ರೇಷ್ಠ ಆಟಗಾರ ಬುಚ್. ಆಗಸ್ಟ್‌ನಲ್ಲಿ ಮಗನ ಸುದ್ದಿ ಬಂದಾಗ ನನಗೆ ಅಪ್ಪನ ಮುಖವೇ ಕಣ್ಣ ಮುಂದೆ ಬಂತು.

1997ರ ಡಿಫೆನ್ಸ್‌ ಕೂಡ ನೋಡಿದ್ದೀನಿ. ಕಾರ್ನರ್ ಚಾರ್ಲ್ಸ್ ವುಡ್‌ಸನ್ ಇದ್ದ ವರ್ಷ, 12-0. ಆಗ ಒಬ್ಬ ಬಿದ್ದರೆ ಅವನ ಹಿಂದೆ ಮೂರನೇ ವರ್ಷದವನೊಬ್ಬ ಹೆಲ್ಮೆಟ್ ಹಾಕಿಕೊಂಡು ಸಿದ್ಧ ಇರುತ್ತಿದ್ದ. ನಾನು ಹೇಳಬೇಕು ಅಂದುಕೊಂಡಿದ್ದು ಇದನ್ನೇ. ಗಾಯ ಎಲ್ಲ ತಂಡಕ್ಕೂ ಆಗುತ್ತೆ. ಬಿದ್ದವನ ಹಿಂದೆ ಯಾರು ನಿಂತಿದ್ದಾರೆ ಅನ್ನೋದೇ ಪ್ರಶ್ನೆ.

2010ರ ನಿಯಮದಂತೆ ಕಾಲೇಜು ತಂಡಕ್ಕೆ 85 ಸ್ಕಾಲರ್‌ಶಿಪ್ ಮಿತಿ. ಎನ್‌ಎಫ್‌ಎಲ್ ಥರ ಮಂಗಳವಾರ ಹೊಸಬನನ್ನು ಕರೆತಂದು ಭಾನುವಾರ ಆಡಿಸೋ ಹಾಗಿಲ್ಲ. ಇವತ್ತು ಮೂರನೇ, ನಾಲ್ಕನೇ ವರ್ಷದಲ್ಲಿ ಇರಬೇಕಾದ ಕಾರ್ನರ್‌ಗಳನ್ನು ಮೂರು-ನಾಲ್ಕು ವರ್ಷದ ಹಿಂದೆಯೇ ಆರಿಸಿ, ಉಳಿಸಿಕೊಂಡಿರಬೇಕಿತ್ತು. ಕೋಚ್ ಬದಲಾದರು. ಕೆಲವರು ಬಿಟ್ಟುಹೋದರು. ದೊಡ್ಡ ಭರವಸೆಯ ಜಸ್ಟಿನ್ ಟರ್ನರ್ ಈ ಆಗಸ್ಟ್‌ನಲ್ಲೇ ಹೊರಟ. ಬರುತ್ತೀನಿ ಅಂತ ಸಹಿ ಹಾಕಿದ್ದ ಇನ್ನೊಬ್ಬ ಹುಡುಗನಿಗೆ ಪ್ರವೇಶವೇ ಸಿಗಲಿಲ್ಲ. ಗದ್ದೆಯಲ್ಲಿ ಎರಡು ವರ್ಷ ನಾಟಿಯೇ ಸರಿಯಾಗಿ ಆಗಿಲ್ಲ. ಈಗ ಮಳೆಯೂ ಕೈಕೊಟ್ಟಿದೆ.

ಧಾರವಾಡದವರು ಹೇಳಿದ್ದೂ ನಿಜ, ಮೈಸೂರಿನವರು ಹೇಳಿದ್ದೂ ನಿಜ. ಆದರೂ ಸೆಪ್ಟೆಂಬರ್ 4 ನೆನಪಿಸಿಕೊಳ್ಳಿ. ಅವತ್ತು ಸ್ಟೇಡಿಯಮ್‌ನಲ್ಲಿ 1,13,090 ಜನ. ನಾನೂ ಒಬ್ಬ. ನಮ್ಮ ಆಟಗಾರ ಎಲಿಯಟ್ ಮೀಲರ್‌ನ ಅಣ್ಣ ಬ್ರಾಕ್ ಮೀಲರ್ ಮೈದಾನಕ್ಕೆ ಬಂದ. 2007ರ ಕ್ರಿಸ್‌ಮಸ್ ಹಿಂದಿನ ದಿನ ಕಾರು ಅಪಘಾತದಲ್ಲಿ ಅವರ ಅಪ್ಪ ತೀರಿಕೊಂಡರು, ಎಲಿಯಟ್‌ನ ಗೆಳತಿ ತೀರಿಕೊಂಡಳು, ಬ್ರಾಕ್‌ನ ಸೊಂಟದ ಕೆಳಗೆ ಸ್ವಾಧೀನ ಹೋಯ್ತು. ಮತ್ತೆ ನಡೆಯೋ ಸಾಧ್ಯತೆ ನೂರಕ್ಕೆ ಒಂದು ಅಂದಿದ್ದರು ಡಾಕ್ಟರುಗಳು. ತಂಡದ ಸ್ಟ್ರೆಂತ್ ಕೋಚ್ ಮೈಕ್ ಬಾರ್ವಿಸ್ ಅವನಿಗೆ ತಿಂಗಳುಗಟ್ಟಲೆ ತರಬೇತಿ ಕೊಟ್ಟರು. ಅವತ್ತು ಎರಡು ಊರುಗೋಲು ಹಿಡಿದು ನಡೆದು ಬಂದು, ಆಟಗಾರರು ಮೈದಾನಕ್ಕೆ ಬರುವಾಗ ಮುಟ್ಟುವ ನೀಲಿ ಬ್ಯಾನರ್ ಮುಟ್ಟಿದ. ನನ್ನ ಪಕ್ಕದಲ್ಲಿದ್ದ ಅಪರಿಚಿತ ಮನುಷ್ಯ ನನ್ನ ಹೆಗಲ ಮೇಲೆ ಕೈ ಹಾಕಿ ಅಳುತ್ತಿದ್ದ. ಆ ಕೈಯನ್ನು ನಾನು ಇನ್ನೂ ಮರೆತಿಲ್ಲ.

ಕೊಲಂಬಸ್ ಶಿವಮೊಗ್ಗ
5 ನವೆಂಬರ್ 2010, ಶುಕ್ರವಾರ

ಎಲ್ಲರಿಗೂ ದೀಪಾವಳಿ ಶುಭಾಶಯ. ನಾನು ನಿಮ್ಮ ಬದ್ಧ ಎದುರಾಳಿ ಒಹಾಯೊ ಸ್ಟೇಟ್ ಕಡೆಯವನು. ಇಲ್ಲಿ ಬರೆಯಬಹುದೋ ಇಲ್ಲವೋ ಅಂತ ಎರಡು ದಿನ ಯೋಚಿಸಿದೆ.

ನಿಮ್ಮ ಏವರಿ ನಮ್ಮ ಒಹಾಯೊ ಹುಡುಗ. ಮ್ಯಾನ್ಸ್‌ಫೀಲ್ಡ್ ಹತ್ತಿರದ ಲೆಕ್ಸಿಂಗ್ಟನ್‌ನವನು. ಹೈಸ್ಕೂಲಿನಲ್ಲಿ ಅವನು ಕ್ವಾರ್ಟರ್‌ಬ್ಯಾಕ್! ಕಾರ್ನರ್ ಕೆಲಸ ಅವನಿಗೆ ಹೊಸದು. ಆದರೆ ಎಸೆಯುವವನ ತಲೆಯಲ್ಲಿ ಏನು ಓಡುತ್ತೆ ಅಂತ ಗೊತ್ತಿರುವ ಕಾರ್ನರ್ ಮುಂದೆ ಒಂದು ದಿನ ತುಂಬಾ ಉಪಯೋಗಕ್ಕೆ ಬರ್ತಾನೆ. ಈ ವರ್ಷ ಅಲ್ಲದಿರಬಹುದು. ಜೋರ್ಡನ್ ಕೋವಾಕ್ಸ್ ಕೂಡ ಒಹಾಯೊದವನೇ, ಸ್ಕಾಲರ್‌ಶಿಪ್ ಇಲ್ಲದೆ ಬಂದು ಈಗ ನಿಮ್ಮ ಡಿಫೆನ್ಸ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ನಂಬಬಹುದಾದವನು.

ಕ್ಯಾಂಟನ್ ಅಮ್ಮ, ನಿಮ್ಮ ಮಗನಿಗೆ ನನ್ನ ಶುಭಾಶಯ ಹೇಳಿ.

ಕ್ಯಾಂಟನ್ ಅಮ್ಮ
5 ನವೆಂಬರ್ 2010

ಹೇಳಿದೆ. "ಒಹಾಯೊದವರಾ?" ಅಂತ ಎರಡು ಸಲ ಕೇಳಿದ. ಬೆಳಿಗ್ಗೆ ಎಣ್ಣೆಸ್ನಾನ ಆಯ್ತು, ಪೆಟ್ಟಾದ ಕಾಲಿಗೆ ಅಜ್ಜಿ ಎರಡು ಸಲ ಎಣ್ಣೆ ಹಚ್ಚಿದರು. ನಾಳೆ ಮಧ್ಯಾಹ್ನ ಆಟ. ಹೋಳಿಗೆ ಬೆಳಿಗ್ಗೆಯೇ ಮುಗಿಸ್ತೀನಿ.

ಮಂಡ್ಯ ಕಬಡ್ಡಿ
6 ನವೆಂಬರ್ 2010, ಶನಿವಾರ

ಮಿಶಿಗನ್‌ನ ಮೊದಲ ಪ್ಲೇ. ನಮ್ಮ ರಿಸೀವರ್ ರಾಯ್ ರೌಂಡ್‌ಟ್ರೀ 75 ಯಾರ್ಡ್, ಟಚ್‌ಡೌನ್! ದೇವರೇ, ಹೀಗೇ ಇರಲಿ.

ಮಂಡ್ಯ ಕಬಡ್ಡಿ
6 ನವೆಂಬರ್ 2010

ಅರ್ಧ ಆಟಕ್ಕೆ 31-31. ಇಲಿನಾಯ್ ಎಲ್ಲಿ ಬೇಕಾದ್ರೂ ನುಗ್ಗುತ್ತಿದೆ. ಹುಡುಗರು ಸುಸ್ತಾಗಿದ್ದಾರೆ. ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿರೋದು ಟಿವಿಯಲ್ಲೇ ಕಾಣುತ್ತೆ.

ಧಾರವಾಡ ಫೇಡೆ
6 ನವೆಂಬರ್ 2010

45-45. ಓವರ್‌ಟೈಮ್. ನನ್ನ ಕೈಲಿ ಕೂಡೋದಾಗವಲ್ದು, ನಿಂತೇ ನೋಡಾಕತ್ತೀನಿ.

ಕ್ಯಾಂಟನ್ ಅಮ್ಮ
6 ನವೆಂಬರ್ 2010

52-52. 59-59. ಅತ್ತೆ ದೇವರ ಮುಂದೆ ಇನ್ನೊಂದು ದೀಪ ಹಚ್ಚಿದ್ದಾರೆ. ಯಾವ ತಂಡ ನಮ್ಮದು ಅಂತ ಕೇಳಿಕೊಂಡು ಹಚ್ಚಿದರು.

ಆರ್ಬರ್ ಮೈಸೂರಿಗ
7 ನವೆಂಬರ್ 2010, ಭಾನುವಾರ

ಗಂಟಲು ಪೂರ್ತಿ ಹೋಗಿದೆ, ಬೆರಳು ಮಾತ್ರ ಕೆಲಸ ಮಾಡ್ತಿದೆ. 67-65. ಮೂರು ಓವರ್‌ಟೈಮ್. ಎರಡೂ ತಂಡ ಸೇರಿ 132 ಪಾಯಿಂಟ್, ನಮ್ಮ ಲೀಗ್ ಬಿಗ್ ಟೆನ್ ಇತಿಹಾಸದಲ್ಲಿ ಇಷ್ಟು ಯಾವತ್ತೂ ಆಗಿರಲಿಲ್ಲ. ರೌಂಡ್‌ಟ್ರೀ 246 ಯಾರ್ಡ್, ಅದು ಮಿಶಿಗನ್ ದಾಖಲೆ. ಡೆನಾರ್ಡ್ ಹೊರಗೆ ಹೋದ ಮೇಲೆ ಬದಲಿ ಕ್ವಾರ್ಟರ್‌ಬ್ಯಾಕ್ ಟೇಟ್ ಫೋರ್ಸಿಯರ್ ಬಂದು ಆಟ ಉಳಿಸಿದ. ಆರನೇ ಗೆಲುವು, 2007ರ ನಂತರ ಮೊದಲ ಸಲ ಬೌಲ್ ಆಟಕ್ಕೆ ಅರ್ಹತೆ.

ಆದರೆ ನಾನು ಬರೆಯಬೇಕು ಅಂದುಕೊಂಡಿದ್ದು ಕೊನೆಯ ಪ್ಲೇ ಬಗ್ಗೆ. ಇಲಿನಾಯ್ ಎರಡು ಪಾಯಿಂಟ್ ಗಳಿಸಿದರೆ ಮತ್ತೆ ಸಮ. ನಮ್ಮ ಡಿಫೆನ್ಸ್ ಅಷ್ಟು ಹೊತ್ತು ಏನನ್ನೂ ತಡೆದಿರಲಿಲ್ಲ. 65 ಬಿಟ್ಟುಕೊಟ್ಟಿತ್ತು. ನನ್ನ ಮುಂದಿನ ಸಾಲಿನ ಹುಡುಗಿ ತಿರುಗಿ ನಿಂತುಬಿಟ್ಟಳು, ನೋಡೋಕಾಗಲ್ಲ ಅಂತ. ನನ್ನ ಮುಖ ನೋಡ್ತಾ ನಿಂತಳು, ಏನಾಯ್ತು ಅಂತ ಮುಖದಲ್ಲೇ ತಿಳಿದುಕೊಳ್ಳೋಕೆ. ನಮ್ಮ ಜೋನಸ್ ಮೌಟನ್ ನಡುವಿಂದ ನುಗ್ಗಿದ. ಇಲಿನಾಯ್ ಕ್ವಾರ್ಟರ್‌ಬ್ಯಾಕ್‌ಗೆ ಸರಿಯಾಗಿ ಕಾಲೂರೋಕೂ ಬಿಡಲಿಲ್ಲ. ಚೆಂಡು ನೆಲಕ್ಕೆ ಬಿತ್ತು. ಅಷ್ಟೇ. ಇಡೀ ಮಧ್ಯಾಹ್ನದಲ್ಲಿ ಬೇಕಾಗಿದ್ದು ಆ ಒಂದು ತಡೆ.

ಧಾರವಾಡ ಫೇಡೆ
7 ನವೆಂಬರ್ 2010

ನಾನೂ ಕುಣಿದೀನಿ, ಸುಳ್ಳು ಹೇಳಂಗಿಲ್ಲ. ಆದರೆ ಗೆದ್ದೀವಿ ಅಂತ 65 ಮರೀಬ್ಯಾಡ್ರಿ. ವಿಸ್ಕಾನ್ಸಿನ್ ಬಾಕಿ ಇದೆ. ಒಹಾಯೊ ಸ್ಟೇಟ್ ಬಾಕಿ ಇದೆ.

ಆರ್ಬರ್ ಮೈಸೂರಿಗ
6 ಜನವರಿ 2011

ಫೇಡೆಯವರು ಹೆದರಿದ್ದೇ ಆಯ್ತು. ವಿಸ್ಕಾನ್ಸಿನ್ 48, ಒಹಾಯೊ ಸ್ಟೇಟ್ 37, ಹೊಸ ವರ್ಷದ ದಿನ ಗೇಟರ್ ಬೌಲ್‌ನಲ್ಲಿ ಮಿಸಿಸಿಪ್ಪಿ ಸ್ಟೇಟ್ 52. ನಿನ್ನೆ ರಾಡ್ರಿಗಸ್ ಅವರನ್ನು ತೆಗೆದರು. ಖುಷಿ ಏನೂ ಆಗಲಿಲ್ಲ ನನಗೆ. ಮಧ್ಯಾಹ್ನ ಸ್ಟೇಡಿಯಮ್ ಪಕ್ಕದ ರಸ್ತೆಯಲ್ಲಿ ನಡೆದು ಬಂದೆ. ಗೇಟು ಹಾಕಿತ್ತು.

ಕ್ಯಾಂಟನ್ ಅಮ್ಮ
6 ಜನವರಿ 2011

ಇಲ್ಲಿ 9 ಆಗಿದೆ. 31ಕ್ಕೆ ಇನ್ನೂ ದೂರ.

ಕೊಲಂಬಸ್ ಶಿವಮೊಗ್ಗ
27 ನವೆಂಬರ್ 2011

ಈ ಹಳೆಯ ಚರ್ಚೆಯನ್ನು ನಾನೇ ಹುಡುಕಿ ತೆಗೆದೆ. ನಿನ್ನೆ ಆ್ಯನ್ ಆರ್ಬರ್‌ನಲ್ಲಿ ಮಿಶಿಗನ್ 40, ನಮ್ಮ ಒಹಾಯೊ ಸ್ಟೇಟ್ 34. 2003ರ ನಂತರ ನೀವು ನಮ್ಮ ಮೇಲೆ ಗೆದ್ದಿರಲಿಲ್ಲ.

ಕೊನೆಯಲ್ಲಿ ಚೆಂಡು ನಮ್ಮ ಕೈಲಿತ್ತು. ನಮ್ಮ ಕ್ವಾರ್ಟರ್‌ಬ್ಯಾಕ್ ಬ್ರ್ಯಾಕ್ಸ್‌ಟನ್ ಮಿಲ್ಲರ್ ಮೊದಲ ವರ್ಷದ ಹುಡುಗ. ರಿಸೀವರ್ ಡೆವಿಯರ್ ಪೋಸಿ ದೂರದಲ್ಲಿ ಒಬ್ಬನೇ ಇದ್ದ, ಸುತ್ತ ಯಾರೂ ಇರಲಿಲ್ಲ. ಮಿಲ್ಲರ್ ಎಸೆತ ಸ್ವಲ್ಪ ಮುಂದೆ ಹೋಯ್ತು. ಆಮೇಲಿನ ಒಂದು ಎಸೆತವನ್ನು ಹಿಡಿದು ಆಟ ಮುಗಿಸಿದ್ದು ಯಾರು? ಕೋರ್ಟ್ನಿ ಏವರಿ. ಲೆಕ್ಸಿಂಗ್ಟನ್ ಹುಡುಗ. ನನಗೆ ರಾತ್ರಿ ನಿದ್ದೆ ಬರಲಿಲ್ಲ. ಆದರೆ ಅಮ್ಮ, ನಿಮ್ಮ ಮನೆ ನೆನಪಾಯ್ತು.

ಇಲ್ಲಿ ಮಿಲ್ಲರ್‌ನನ್ನು ಬೈಯುತ್ತಿರುವವರಿಗೆ ಮೈಸೂರಿಗರ ಮೊದಲ ಬರಹವನ್ನು ಓದಿ ಹೇಳಿದೆ.

ಆರ್ಬರ್ ಮೈಸೂರಿಗ
27 ನವೆಂಬರ್ 2011

ಶಿವಮೊಗ್ಗದವರೇ, ನೀವು ಬರೆದಿದ್ದು ಓದಿ ಏನು ಹೇಳಬೇಕೋ ಗೊತ್ತಾಗ್ತಿಲ್ಲ. ಮುಂದಿನ ಸಲ ಈ ಕಡೆ ಬಂದರೆ ನಮ್ಮ ಮನೆಗೇ ಬನ್ನಿ. ಊಟಕ್ಕೆ.

ಧಾರವಾಡ ಫೇಡೆ
4 ಜನವರಿ 2012

ನಿನ್ನೆ ರಾತ್ರಿ ಶುಗರ್ ಬೌಲ್ ಗೆದ್ದೆವು, ವರ್ಜೀನಿಯಾ ಟೆಕ್ ವಿರುದ್ಧ 23-20, ಓವರ್‌ಟೈಮ್. ವರ್ಷ 11-2. ಸ್ವಲ್ಪ ಲೆಕ್ಕ ನೋಡ್ರಿ. 2010ರಾಗ ಒಂದು ಆಟಕ್ಕೆ ಸರಾಸರಿ 35.2 ಪಾಯಿಂಟ್ ಬಿಟ್ಟುಕೊಟ್ಟಿದ್ದೆವು. ಈ ವರ್ಷ 17.4. ಇಲಿನಾಯ್ ಮೇಲೆ ಹೋದ ವರ್ಷ 65, ಈ ವರ್ಷ 14.

ಮುಖ್ಯ ಕೋಚ್ ಆಗಿ ಬ್ರೇಡಿ ಹೋಕ್ ಬಂದರು, ಗ್ರೆಗ್ ಮ್ಯಾಟಿಸನ್ ಎನ್‌ಎಫ್‌ಎಲ್ ತಂಡ ಬಾಲ್ಟಿಮೋರ್ ರೇವನ್ಸ್ ಬಿಟ್ಟು ಡಿಫೆನ್ಸ್ ನೋಡಿಕೊಳ್ಳಾಕ ಬಂದರು. ಮುಂದೆ ಮತ್ತೆ ನಾಲ್ವರು ನಿಂತರು. ಕೋಚಿಂಗ್ ಅಂತ ನಾನು ಅವತ್ತೇ ಹೇಳಿದ್ದೆ. ಆದರೆ ಇನ್ನೊಂದೂ ಹೇಳಬೇಕು. ಫ್ಲಾಯ್ಡ್ ಎರಡೂ ಕಾಲ ಮೇಲೆ ನಿಂತು ಇಡೀ ವರ್ಷ ಆಡಿದ. ವುಲ್ಫೋಕ್ ವಾಪಸ್ ಬಂದ. ಮಾರ್ಟಿನ್ ಕೊನೆಯ ವರ್ಷ ಗುಡ್ಡದ ಹಾಗೆ ನಿಂತ. ಏವರಿ ಒಂದು ವರ್ಷ ದೊಡ್ಡವನಾದ. ನಾನು ಅವತ್ತು ಗಾಯದ ಮಾತನ್ನ ಹಗುರವಾಗಿ ತಗೊಂಡೆ, ಮೈಸೂರಿಗರೇ. ಅದು ನನ್ನ ತಪ್ಪು.

ಹಳೇ ನೀಲಿ
4 ಜನವರಿ 2012

ತಮ್ಮಾ ಧಾರವಾಡ, ಎರಡೂ ಸೇರಿಯೇ ಆಗಿದ್ದು. ಹದಿನಾಲ್ಕು ತಿಂಗಳು ಚರ್ಚೆ ಮಾಡಿದ್ದೀವಿ, ಇವತ್ತು ಗೆಲುವನ್ನು ಅನುಭವಿಸೋಣ. ಅಂದ ಹಾಗೆ ಅಮ್ಮನ ಮಗ ಹೇಗಿದ್ದಾನೆ?

ಕ್ಯಾಂಟನ್ ಅಮ್ಮ
4 ಜನವರಿ 2012

ನೀವೆಲ್ಲ ಕೇಳ್ತೀರಿ ಅಂತ ಗೊತ್ತಿತ್ತು.

ಮೇ ತಿಂಗಳಲ್ಲಿ 31 ಆಯ್ತು. ಅಡುಗೆಮನೆ ಬಾಗಿಲ ಚೌಕಟ್ಟಿಗೆ ಬೆರಳ ತುದಿ ತಾಗಿಸಿಕೊಂಡು ಎಣಿಸುತ್ತಿದ್ದ. ನಾನು ದೋಸೆ ಹುಯ್ಯುತ್ತಿದ್ದೆ. 28ಕ್ಕೆ ಕಾಲು ನಡುಗಿತು, ನಾನು ತಿರುಗಿ ನೋಡಲಿಲ್ಲ. ನೋಡಿದರೆ ನಿಲ್ಲಿಸಿಬಿಡ್ತಾನೆ ಅಂತ. ದೋಸೆ ಸೀದುಹೋಯ್ತು. ಈ ಶರತ್ಕಾಲದಲ್ಲಿ ಕೊನೆಯ ವರ್ಷದ ಆಟ ಆಡಿದ, ಎಲ್ಲ ಆಟಗಳಲ್ಲೂ ಅಲ್ಲ, ಆರರಲ್ಲಿ. ಅವನು ಬಿದ್ದ ದಿನ ಅವನ ಜಾಗಕ್ಕೆ ಬಂದಿದ್ದ ಆ ಚಿಕ್ಕ ಹುಡುಗ ಈಗ ಇನ್ನೊಂದು ಕಡೆಯ ಕಾರ್ನರ್. ಇಬ್ಬರೂ ಒಟ್ಟಿಗೇ ಬಸ್ಸಿಗೆ ಹೋಗ್ತಾರೆ.

ಏವರಿ ಆ ಚೆಂಡು ಹಿಡಿದಾಗ ನಮ್ಮ ಮನೆಯಲ್ಲಿ ಎಲ್ಲರೂ ಕಿರುಚಿದರು. ಮಗ ಮಾತ್ರ ಟಿವಿ ಹತ್ತಿರ ಹೋಗಿ ಕೂತ. ಟಿವಿಯವರು ಏವರಿಯನ್ನೇ ತೋರಿಸುತ್ತಿದ್ದರು. "ಏನು ಹುಡುಕ್ತಿದ್ದೀಯೋ?" ಅಂದೆ.

"ಫ್ಲಾಯ್ಡ್ ಎಲ್ಲಿದ್ದಾನೆ ನೋಡ್ತಿದ್ದೀನಿ ಅಮ್ಮ" ಅಂದ.